ಸಾಟಿ ಲಗ್ನದ ಪುಟ ತಿದ್ದಿದಾಕೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹಿಂದೆ ನನ್ನ ಜೊತೆ ಕೆಲಸಕ್ಕಿದ್ದ ಆಕೆಯ ಕನ್ನಡಕದ ಚೌಕಟ್ಟು ಕಪ್ಪು ಎಂದು ನೆನಪು ಹೇಳುತ್ತದೆ; ಆಗಿನ ದಿನಚರಿಯಲ್ಲಿ ಕಂದು ಎಂದು ಬರೆದಿದ್ದೇನೆ. ದಿನಚರಿಯನ್ನೇ ನಂಬೋಣವೆಂದರೆ, ಆಕೆಗೆ ಚಹಾ ಸೇರುವುದಿಲ್ಲ ಎಂದೂ ಅದರಲ್ಲಿದೆ. ಆದರೆ ಆಕೆ ಸಕ್ಕರೆ ಜಾಸ್ತಿ ಹಾಕಿಸಿಕೊಂಡು, ಕಪ್ಪಿನಿಂದ ಬಸಿಗೆ ಸುರಿದುಕೊಂಡು ಚಹಾ ಕುಡಿಯುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಹಾಗಾಗಿ ಇಲ್ಲಿ ಬರೆಯುವುದೆಲ್ಲ ನಡೆದದ್ದೇ ಎಂದು ಆಣೆ ಮಾಡಲಾರೆ. ಆಕೆ ಆಡಿದ ಮಾತುಗಳು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿದಿವೆ ಅಂದುಕೊಂಡಿದ್ದೇನೆ. ಅದೂ ಅಂದುಕೊಂಡದ್ದೇ.

ಆಕೆ ಈಗ ನೆನಪಾಗಲು ಕಾರಣ ನಮ್ಮ ಮನೆಯಲ್ಲೇ ಇದೆ. ನನ್ನ ತಮ್ಮನಿಗೆ ಐನಾಪುರದಲ್ಲಿ ಒಂದು ಹುಡುಗಿ ಗೊತ್ತಾಗಿದ್ದಾಳೆ. ತಮ್ಮನಿಗೆ ಆ ಹುಡುಗಿ ಒಪ್ಪಿಗೆ, ಹುಡುಗಿಗೂ ಇವನು ಒಪ್ಪಿಗೆ. ಆ ಮನೆಯವರದು ಒಂದೇ ಮಾತು: ನಮ್ಮ ಮಗಳನ್ನು ನಿಮಗೆ ಕೊಡುತ್ತೇವೆ, ನಿಮ್ಮ ಮಗಳನ್ನು ನಮ್ಮ ಮಗನಿಗೆ ಕೊಡಿ. ನಮ್ಮ ಕಡೆ ಇದನ್ನು ಸಾಟಿ ಲಗ್ನ ಎನ್ನುತ್ತಾರೆ. ನಿಮ್ಮ ಮಗಳು ಅಂದರೆ ನಾನು. ನಾನು ಹೂಂ ಅಂದರೆ ಎರಡೂ ಲಗ್ನ ಆಗುತ್ತವೆ, ಊಹೂಂ ಅಂದರೆ ಎರಡೂ ಇಲ್ಲ.

"ಹುಡುಗ ಸಾಲಿ ಮಾಸ್ತರ ಅದಾನ. ಕುಡಿಯಂಗಿಲ್ಲ, ತಿನ್ನಂಗಿಲ್ಲ. ಇನ್ನೇನು ಬೇಕವಾ ನಿನಗ?" ಎಂದು ಅವ್ವ ಕೇಳುತ್ತಾಳೆ.

"ವಿಚಾರ ಮಾಡಾಕ ಟೈಮ್ ಬೇಕು."

"ನಿನ್ನ ಎಂ.ಎ. ಮುಗೀತು, ವಿಚಾರ ಮುಗೀವಲ್ದು."

ಅವ್ವನಿಗೆ ಸಾಟಿ ಲಗ್ನದಲ್ಲಿ ಭಾರಿ ನಂಬಿಕೆ. "ಅವರ ಮಗಳು ನಮ್ಮ ಮನ್ಯಾಗ ಇರ್ತಾಳ. ನಿನ್ನ ಮ್ಯಾಲ ಕೈ ಎತ್ತಾಕ ಯಾರಿಗೆ ಧೈರ್ಯ ಆಗ್ತದ?" ಎನ್ನುತ್ತಾಳೆ. ಈ ಮಾತು ಕೇಳಿದಾಗಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಓದಲು ಕುಳಿತವಳು ಎದ್ದು ಹೋಗಿ ಒಣಗಿದ ಬಟ್ಟೆ ತರುತ್ತೇನೆ, ಮಡಚದೆ ಹಾಗೇ ಇಟ್ಟು ಮತ್ತೆ ಅಂಗಳಕ್ಕೆ ಹೋಗುತ್ತೇನೆ. ಅಂಗಳದಲ್ಲಿ ನಿಂತಾಗ ಆಕೆ ನೆನಪಾಗುತ್ತಾಳೆ.

ಕಲಬುರಗಿಯಲ್ಲಿ ಓದು ಮುಗಿಸಿ ಬಂದ ಮೇಲೆ ನಾನು ಸೇಡಂನ ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ, ಬ್ಯಾಟರಿ ಅಂಗಡಿಯ ಮೇಲಿನ ಮಹಡಿ. ಮಾಲೀಕರು ಮೊದಲು ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದವರು. ಜನ ಪತ್ರಿಕೆಯನ್ನು ಫೋನಿನಲ್ಲೇ ಕಳಿಸತೊಡಗಿದ ಮೇಲೆ ಲಗ್ನದ ವೆಬ್ ಪುಟ ಮಾಡಿಕೊಡುವುದಕ್ಕೆ ಇಳಿದರು. ಪುಟದ ಮಾತು ಬರೆಯುವುದು ನನ್ನ ಕೆಲಸ, ಪುಟ ಕಟ್ಟುವುದು ಆಕೆಯದು. ನನಗಿಂತ ಎಂಟೋ ಹತ್ತೋ ವರ್ಷ ದೊಡ್ಡವಳು. ನಾನು ಅಕ್ಕಾ ಎನ್ನುತ್ತಿದ್ದೆ. ಗಂಡನ ಮನೆ ಶಹಾಬಾದ್. ದಿನಾ ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂಗೆ ಬರುತ್ತಿದ್ದಳು. ಬಾಗಿಲ ಹೊರಗೆ ಚಪ್ಪಲಿಗಳನ್ನು ಒಂದಕ್ಕೊಂದು ಬಡಿದು, ಬಿಳಿ ಧೂಳು ಕೆಡವಿ, "ನಮ್ಮೂರ ಮಣ್ಣು ನಿಮ್ಮೂರಿಗೆ ಯಾಕ ಕೊಡಬೇಕು?" ಎಂದು ಒಳಗೆ ಬರುತ್ತಿದ್ದಳು. ಸೇಡಂನ ಧೂಳೇನು ಕಡಿಮೆಯೇ ಎಂದು ಮಾಲೀಕರು ನಗುತ್ತಿದ್ದರು.

ಆಕೆ ಕುರ್ಚಿಯಲ್ಲಿ ಸರಿಯಾಗಿ ಕೂತದ್ದನ್ನು ನಾನು ನೋಡಿಲ್ಲ. ಒಂದು ಕಾಲು ಮಡಚಿ ಕುರ್ಚಿಯ ಮೇಲೆ, ಇನ್ನೊಂದು ನೆಲಕ್ಕೆ. ಕೀಬೋರ್ಡಿನ ಪಕ್ಕದಲ್ಲಿ ಶೇಂಗಾ ಸಿಪ್ಪೆಯ ಗುಡ್ಡೆ. ಬರೆದ ಪ್ರೋಗ್ರಾಮನ್ನು ಓಡಿಸಿ ನೋಡುವ ಮುನ್ನ ಮುಡಿ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು, ಜಗಳಕ್ಕೆ ಹೊರಟವಳ ಹಾಗೆ. ತವರು ಚಿಂಚೋಳಿಯ ಆಚೆ, ತೆಲುಗು ಸೀಮೆಗೆ ಹತ್ತಿಕೊಂಡ ಹಳ್ಳಿ. ನಮ್ಮ ಜೊತೆ ಕನ್ನಡ ಆಡಿದರೂ ಕಂಪ್ಯೂಟರನ್ನು ಬೈಯುವುದು ಮಾತ್ರ ತೆಲುಗಿನಲ್ಲಿ. "ಏಮೈಂದಿ ನೀಕು?" ನಿನಗೇನಾಯ್ತು ಎಂದು ಅದನ್ನು ಕೇಳುವಾಗ ಆಕೆಯ ದನಿಯಲ್ಲಿ ಸಿಟ್ಟಿಗಿಂತ ಕಕ್ಕುಲಾತಿಯೇ ಹೆಚ್ಚಿರುತ್ತಿತ್ತು.

ಆಕೆಯದೊಂದು ಮಾತಿತ್ತು. "ಕಡೀಕ ಏನು ಬಂತು ಅಂತ ನೋಡಬ್ಯಾಡ. ನಡುವ ಏನಾತು ಅದನ್ನ ನೋಡು." ಪುಟದಲ್ಲಿ ಏನಾದರೂ ಕೆಟ್ಟರೆ ಪ್ರೋಗ್ರಾಮಿನ ಪ್ರತಿ ಸಾಲಿನ ಕೆಳಗೂ 'ಇಲ್ಲಿಯವರೆಗೆ ಏನಿದೆ ತೋರಿಸು' ಎಂಬ ಆಜ್ಞೆ ಸೇರಿಸುತ್ತ ಹೋಗುತ್ತಿದ್ದಳು. ಆದರೆ ಇದನ್ನು ಮಾಡುತ್ತಿದ್ದುದು ಎಲ್ಲರನ್ನೂ, ಎಲ್ಲವನ್ನೂ ಬೈದು ಮುಗಿದ ಮೇಲೆ. ಮೊದಲ ತಪ್ಪು ಯಾವಾಗಲೂ ಗಿರಾಕಿಯ ಫೋನಿನದು, ಎರಡನೆಯದು ಇಂಟರ್ನೆಟ್ಟಿನದು, ಮೂರನೆಯದು ನನ್ನದು.

ಒಂದು ಸಲ ಕುರಕುಂಟಾದ ಕಾಕಾ ಒಬ್ಬರು ಬಂದರು. ಅವರ ಅಣ್ಣನ ಮಗ ಮತ್ತು ಮಗಳು, ಚಿತ್ತಾಪುರದ ಒಂದು ಮನೆಯ ಮಗ ಮತ್ತು ಮಗಳು, ಸಾಟಿ ಲಗ್ನ. ಒಂದೇ ಹಂದರ, ಒಂದೇ ಮುಹೂರ್ತ. ಕುರಕುಂಟಾದ ಹುಡುಗ ಮಹೇಶ, ಚಿತ್ತಾಪುರದವನು ಶಿವರಾಜ. ಹುಡುಗಿಯರ ಹೆಸರು ಮರೆತಿದ್ದೇನೆ. ಗಂಡುಗಳ ಹೆಸರಷ್ಟೇ ಯಾಕೆ ಉಳಿಯಿತು ಎಂದು ಕೇಳಿಕೊಂಡರೆ ಕಸಿವಿಸಿಯಾಗುತ್ತದೆ.

ಕಾಕಾ ಹೆಸರುಗಳನ್ನು ಮನೆವಾರು ಕಳಿಸಿದ್ದರು: ನಮ್ಮ ಹುಡುಗ, ನಮ್ಮ ಹುಡುಗಿ, ಅವರ ಹುಡುಗ, ಅವರ ಹುಡುಗಿ. ಸಾಟಿ ಲಗ್ನದ ಸುದ್ದಿಯನ್ನು ಯಾವ ಹಿರಿಯರು ಹೇಳಿದರೂ ಹಾಗೆಯೇ ಹೇಳುತ್ತಾರೆ. ನಮ್ಮ ಪುಟಕ್ಕೆ ಬೇಕಾದದ್ದು ಜೋಡಿವಾರು. ಮಾಲೀಕರು ಬಂದದ್ದನ್ನು ಬಂದ ಹಾಗೇ ತುಂಬಿದರು. ಪುಟ ಎರಡೂ ಊರಿನ ವಾಟ್ಸಾಪ್ ಗುಂಪುಗಳಿಗೆ ಹೋಯಿತು. ಅದರಲ್ಲಿ ಅಣ್ಣನ ಪಕ್ಕ ಅವನ ಸ್ವಂತ ತಂಗಿ ವಧು. ಒಂದಲ್ಲ, ಎರಡು ಜೋಡಿ.

ಕಾಕಾ ಮೆಟ್ಟಿಲು ಹತ್ತುತ್ತಲೇ ಶುರು ಮಾಡಿದರು. "ಮನಿ ಹುಡುಗಿನ್ನ ಮನ್ಯಾಗೇ ಇಟ್ಕೊಳ್ಳೋದಿದ್ರ ನಾವು ಹಂದರ ಯಾಕ ಹಾಕ್ತಿದ್ವಿರಿ?"

"ಕುಂದ್ರಿ ಕಾಕಾ, ಚಹಾ ತರಸ್ತೀನಿ" ಎಂದರು ಮಾಲೀಕರು.

"ಚಹಾ ಕುಡೀಲಿಕ್ಕೆ ಸೇಡಂ ತನಕ ಬಂದೀನೇನ್ರಿ?" ಎಂದು ಗದರಿ ಕುಳಿತರು. ಚಹಾ ಬಂದಾಗ ಕುಡಿದರು ಕೂಡ.

"ಎರಡು ಗಂಡಿನ ಹೆಸರು ಅದಲಿ ಬದಲಿ ಮಾಡಿದ್ರ ಆತು ಕಾಕಾ. ನಿಮ್ಮ ಚಹಾ ಮುಗಿಯೋದ್ರಾಗ ಮಾಡಿಕೊಡ್ತೀನಿ" ಎಂದಳು ಆಕೆ.

ಹೆಸರುಗಳು ಒಂದು ಕಡೆ ಇರಲಿಲ್ಲ. ಮೇಲಿನ ಸಾಲಿನಲ್ಲಿ, ಫೋಟೋಗಳ ಕೆಳಗೆ, ಅರಿಶಿಣದ ಕಾರ್ಯಕ್ರಮದಲ್ಲಿ, ಒಬ್ಬೊಬ್ಬ ಬೀಗರಿಗೂ ಬೇರೆ ಬೇರೆಯಾಗಿ ಹೋಗುವ ಕರೆಯಲ್ಲಿ. ಕೈಯಿಂದ ತಿದ್ದಿದರೆ ಎಲ್ಲೋ ಒಂದು ಉಳಿಯುತ್ತದೆ. ಆಕೆ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಎರಡು ಸಾಲು ಬರೆದಳು. ಮಹೇಶ ಇದ್ದಲ್ಲೆಲ್ಲ ಶಿವರಾಜ ಮಾಡು. ಶಿವರಾಜ ಇದ್ದಲ್ಲೆಲ್ಲ ಮಹೇಶ ಮಾಡು. ಮುಡಿ ಕಟ್ಟಿಕೊಂಡು ಓಡಿಸಿದಳು. ಕಾಕಾ ತಮ್ಮ ಫೋನಿನಲ್ಲಿ ಪುಟ ತೆರೆದು ಓದಿದರು. ಎದ್ದು ನಿಂತರು.

"ಈಗ ಎರಡೂ ಹುಡುಗ್ಯಾರಿಗೆ ನಮ್ಮ ಮಹೇಶನೇ ಗಂಡ! ಒಬ್ಬಾಕಿ ಅಂವನ ತಂಗಿ! ಚಿತ್ತಾಪುರದ ಅಳಿಯಾ ಎಲ್ಲಿ ಹೋದ? ತಿಂದ್ರೇನು ಅವನ್ನ?"

"ನಿಮ್ಮ ಫೋನ್ ಹಳೇ ಪುಟ ತೋರ್ಸಲಿಕತ್ತಿರಬೇಕು ಕಾಕಾ."

"ಹಳೇ ಪುಟದಾಗ ಶಿವರಾಜ ಇದ್ದನಲ್ರೀ!"

ಆಕೆ ಮತ್ತೆ ಓಡಿಸಿದಳು. ಅದೇ. ಇಂಟರ್ನೆಟ್ಟನ್ನು ಬೈದಳು. ನನ್ನ ಕಡೆ ತಿರುಗಿ, "ಹೆಸರಿನ ಹಿಂದ ಮುಂದ ಏನರೆ ಜಾಗ ಬಿಟ್ಟೀಯೇನು?" ಎಂದಳು. ಬಿಟ್ಟಿರಲಿಲ್ಲ. ಅದೇ ಹೊತ್ತಿಗೆ ಚಿತ್ತಾಪುರದವರು ಕಾಕಾಗೆ ಫೋನ್ ಮಾಡಿ, ನಮ್ಮ ಹುಡುಗನನ್ನು ಬಿಟ್ಟು ಲಗ್ನ ಮಾಡುತ್ತೀರಾ ಎಂದು ಕೇಳಿದರು. ಕಾಕಾ ನಿಂತಲ್ಲೇ ತಣ್ಣಗಾದರು. "ಸಾಟಿ ಲಗ್ನ ಅದ ತಾಯಿ" ಎಂದು ಆಕೆಗೆ ಸಣ್ಣ ದನಿಯಲ್ಲಿ ಹೇಳಿದರು. "ಒಂದು ಕಡಿ ಮನಸ್ಸು ಕೆಟ್ರ ಎರಡೂ ಕಡಿ ಕೆಡ್ತದ."

ಆಗ ಆಕೆ ಬೈಯುವುದನ್ನು ಬಿಟ್ಟು, ಎರಡು ಸಾಲಿನ ನಡುವೆ ತೋರಿಸುವ ಆಜ್ಞೆ ಹಾಕಿದಳು. ಮೊದಲ ಸಾಲು ಮುಗಿದಾಗ ಪುಟದ ತುಂಬ ಶಿವರಾಜ. ಮಹೇಶ ಒಬ್ಬನೂ ಇಲ್ಲ. "ಎಲ್ಲಾರೂ ಶಿವರಾಜ ಆಗ್ಯಾರಲ್ಲಕ್ಕಾ" ಎಂದು ನಾನು ಅಂದೆ ಎಂದು ನನ್ನ ನೆನಪು. ತಾನೇ ಮೊದಲು ಕಂಡೆ ಎಂದು ಆಕೆ ಹೇಳುತ್ತಿದ್ದಳು, ಅದೇ ನಿಜವಿರಬಹುದು. ಮಡಚಿದ ಕಾಲನ್ನು ಆಕೆ ಕೆಳಗಿಳಿಸಿದ್ದಂತೂ ನಿಜ. ಎರಡನೆಯ ಸಾಲು ಬರುವ ಹೊತ್ತಿಗೆ ಮೊದಲಿನಿಂದ ಇದ್ದ ಶಿವರಾಜನೂ ಈಗಷ್ಟೇ ಆದ ಶಿವರಾಜನೂ ಒಂದೇ ಆಗಿಬಿಟ್ಟಿದ್ದರು. ಅದು ಎಲ್ಲರನ್ನೂ ಹಿಡಿದು ಮಹೇಶ ಮಾಡಿತ್ತು.

"ಒಮ್ಮೆ ಕೂಡಿದ ಮ್ಯಾಲ ಯಾರು ಮದಲಿನಾಂವ, ಯಾರು ಬದಲಿ ಬಂದಾಂವ, ಇದಕ್ಕ ಹೆಂಗ ತಿಳೀಬೇಕು, ಪಾಪ" ಎಂದಳು. ಪಾಪ ಅಂದದ್ದು ಕಂಪ್ಯೂಟರಿಗೆ.

ಮೊದಲು ತುಂಬಿದ ಹೆಸರುಗಳು ಒಳಗೆ ಹಾಗೇ ಇದ್ದವು; ಅವುಗಳ ಮೇಲೆ ಓಡಿಸಲು ಎರಡು ಸಾಲನ್ನು ಮೂರು ಮಾಡಿದಳು. ಮಹೇಶನನ್ನು ಮೊದಲು ಬದನಿಕಾಯಿ ಮಾಡು. ಶಿವರಾಜನನ್ನು ಮಹೇಶ ಮಾಡು. ಆಮೇಲೆ ಬದನಿಕಾಯಿಯನ್ನು ಶಿವರಾಜ ಮಾಡು. ಲಗ್ನದ ಪುಟದಲ್ಲಿ ಎಂದೂ ಬಾರದ ಮಾತು ಬೇಕಾಗಿತ್ತು, ಅಷ್ಟೇ. ಕಾಕಾ ಆಕೆಯ ಹೆಗಲ ಮೇಲಿಂದ ಇಣುಕಿ ನೋಡುತ್ತಿದ್ದರು.

"ನಮ್ಮ ಮಹೇಶ ಬದನಿಕಾಯಿ ಆದ್ನೇನವಾ?"

"ಒಂದು ಗಳಿಗಿ ಕಾಕಾ, ಈಗ ಹೊಳ್ಳಿ ಬರ್ತಾನ."

"ಅವರವ್ವನ ಮುಂದ ಹೇಳಬ್ಯಾಡ್ರಿ ಮತ್ತ."

ಪುಟ ಸರಿಯಾಯಿತು, ಲಗ್ನವೂ ಆಯಿತು. ಅದೇ ಭಾಷೆಯಲ್ಲಿ ಎರಡು ಹೆಸರನ್ನೂ ಒಟ್ಟಿಗೆ ಕೊಟ್ಟರೆ ಒಂದೇ ಓದಿನಲ್ಲಿ ಅದಲುಬದಲು ಮಾಡುವ ಬೇರೊಂದು ಆಜ್ಞೆ ಇದೆ ಎಂದು ನಾನು ಆಮೇಲೆ ಎಲ್ಲೋ ಓದಿ, ಉಮೇದಿನಿಂದ ಹೇಳಿದೆ. "ಗೊತ್ತದ" ಎಂದಳು. "ಅದರಾಗ ನಡುವ ಏನಾತು ಕಾಣಂಗಿಲ್ಲ. ನನಗ ಕಾಣಬೇಕು." ಇದು ಹಟವೋ, ತನಗೆ ತಿಳಿದಿರಲಿಲ್ಲ ಎಂದು ಒಪ್ಪಿಕೊಳ್ಳಲು ಸಂಕೋಚವೋ ನನಗೆ ಇಂದಿಗೂ ಗೊತ್ತಿಲ್ಲ.

ಕಾಕಾ ಇಳಿದುಹೋದ ಮೇಲೆ ಶೇಂಗಾ ಸುಲಿಯುತ್ತ, "ನಂದೂ ಸಾಟಿ ಲಗ್ನನೇ" ಎಂದಳು. ಆಕೆಯ ಅಣ್ಣನ ಹೆಂಡತಿ, ಅಂದರೆ ವೈನಿ, ಆಕೆಯ ಗಂಡನ ತಂಗಿ. "ನಮ್ಮ ಮನ್ಯಾಗ ಆಕಿಗೆ ಶೆಕಿ ಆದ್ರ ಅಲ್ಲಿ ನನಗ ಬೆವರು ಬರ್ತದ ನೋಡು" ಎಂದು ನಕ್ಕಳು. ನಾನೂ ನಕ್ಕೆ. ಆಗ ಅದು ತಮಾಷೆಯಾಗಿಯೇ ಕೇಳಿಸಿತ್ತು.

ಆಮೇಲೆ ಎಷ್ಟು ತಿಂಗಳಿಗೋ, ಮಳೆಗಾಲ ಮುಗಿದಿತ್ತು ಎಂದು ನೆನಪು, ಆಕೆ ಬರುವ ದಿಕ್ಕು ಬದಲಾಯಿತು. ಸ್ಟೇಷನ್ ಕಡೆಯಿಂದ ಬರುತ್ತಿದ್ದವಳು ಚಿಂಚೋಳಿ ಬಸ್ಸಿನಿಂದ ಇಳಿಯತೊಡಗಿದಳು. ಬಾಗಿಲಲ್ಲಿ ಚಪ್ಪಲಿ ಬಡಿಯುವುದನ್ನು ಬಿಟ್ಟಳು. ಯಾಕೆ ಎಂದು ನಾನು ಕೇಳಲಿಲ್ಲ. ಮಾಲೀಕರೇ ಕೇಳಿದರು.

"ನಮ್ಮ ವೈನಿ ಶಹಾಬಾದಿಗೆ ಹೋಗಿ ಕುಂತಾಳ್ರಿ ಸರ್. ಹಂಗಾಗಿ ನಾ ಚಿಂಚೋಳಿಗಿ ಬಂದು ಕುಂತೀನಿ."

"ನಿಮ್ಮ ಮನ್ಯಾಗ ಏನಾತು?"

"ನನಗೇನೂ ಆಗಿಲ್ಲ. ನಾವು ಛಂದ ಇದ್ವಿ."

ಜಗಳವಾದದ್ದು ಅಣ್ಣನ ಮನೆಯಲ್ಲಿ. ಮಗಳು ತವರಿಗೆ ಬಂದ ದಿನವೇ ಶಹಾಬಾದಿನವರು ಸೊಸೆಯನ್ನು ತವರಿಗೆ ಕಳಿಸಿದರು. ಈಕೆಯ ಗಂಡ ಬೇಡವೆಂದನಂತೆ, ನಡೆಯಲಿಲ್ಲ. ಅಣ್ಣ ಹೆಂಡತಿಯನ್ನು ಕರೆತಂದರೆ ತಂಗಿ ಗಂಡನ ಮನೆಗೆ ಹೋಗಬಹುದು. ಅಣ್ಣ ಹೋಗಲೊಲ್ಲ. "ಆಕಿ ಹೋಗ್ಯಾಳ, ಆಕಿನೇ ಬರ್ಲಿ" ಎಂದು ಕೂತಿದ್ದ. ಈ ಸುದ್ದಿಯನ್ನೆಲ್ಲ ಆಕೆ ಹವಾಮಾನ ಹೇಳುವವಳಂತೆ ಹೇಳುತ್ತಿದ್ದಳು. ಆದರೆ ಕೆಲಸದಲ್ಲಿ ಚಡಪಡಿಕೆ ಶುರುವಾಯಿತು. ಸರಿಯಿದ್ದ ಪುಟಕ್ಕೂ ನಡುನಡುವೆ ತೋರಿಸುವ ಆಜ್ಞೆ ಹಾಕುತ್ತಿದ್ದಳು, ತೆಗೆಯಲು ಮರೆಯುತ್ತಿದ್ದಳು. ಗಿರಾಕಿಗಳ ಲಗ್ನದ ಪುಟದಲ್ಲಿ ಅರ್ಥವಿಲ್ಲದ ಸಾಲುಗಳು ಕಾಣಿಸಿಕೊಂಡು ಮಾಲೀಕರು ತಲೆ ಚಚ್ಚಿಕೊಂಡರು.

ಒಂದು ಭಾನುವಾರ ನಾನು ಕಲಬುರಗಿಗೆ ಹೊರಟಿದ್ದೆ. ವಾಡಿಯಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಇಳಿದು ಅಡ್ಡಾಡುತ್ತಿದ್ದಾಗ ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನಲ್ಲಿ ಆಕೆ ಕಂಡಳು. ಪಕ್ಕದಲ್ಲಿ ಒಬ್ಬ ಗಂಡಸು, ನಡುವೆ ಪೇಪರಿನಲ್ಲಿ ಮೆಣಸಿನಕಾಯಿ ಭಜಿ. ನನ್ನನ್ನು ನೋಡಿ ಆಕೆ ಮೊದಲು ಸೆರಗು ಸರಿಮಾಡಿಕೊಂಡಳು, ಆಮೇಲೆ ನಕ್ಕಳು. "ಇವರು ನಮ್ಮ ಮನಿಯವ್ರು."

ಶಹಾಬಾದಿನಲ್ಲಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸದವನು, ಸಣಕಲ. ಬೆಂಚನ್ನು ಅಂಗೈಯಿಂದ ಒರೆಸಿ, "ಬರ್ರಿ ಬಾಯಾರ, ಕುಂದ್ರಿ. ಸದ್ಯಕ್ಕ ನಮ್ಮ ಮನಿ ಇದೇ" ಎಂದ.

"ಮನಿಯಂತ ಮನಿ" ಎಂದಳು ಆಕೆ. "ತಾಸಿಗೊಮ್ಮೆ ಗಾಡಿ ಬಂದು ಹೇಂತಿ ಮಾತು ಮುಚ್ಚಸ್ತದ. ಇವರಿಗೆ ಅದೇ ಸುಖ."

ಅವನು ಭಜಿ ಮುಂದಿಟ್ಟ. ಒಂದು ತಿಂದೆ. ಎರಡೂ ಮನೆಯವರಿಗೆ ತಿಳಿಯದಂತೆ ಗಂಡ ಹೆಂಡತಿ ಭಾನುವಾರ ಭಾನುವಾರ ಇಲ್ಲಿ ಕೂಡುತ್ತಿದ್ದರು. ನನ್ನ ಗಾಡಿ ಹೊರಟಾಗ ಇಬ್ಬರೂ ಕೈಯೆತ್ತಿದರು. ಅವನ ಶರ್ಟಿನ ಬಣ್ಣ ನೆನಪಿಲ್ಲ. ಅವನು ಭಜಿಯ ಖಾರದ ತೊಟ್ಟು ಮುರಿದು ತನ್ನ ಕಡೆ ಇಟ್ಟುಕೊಂಡು ಉಳಿದದ್ದನ್ನು ಆಕೆಯ ಕಡೆ ಸರಿಸುತ್ತಿದ್ದುದು ನೆನಪಿದೆ.

ಮರುವಾರ ನಾನೇ ಧೈರ್ಯ ಮಾಡಿ ಕೇಳಿದೆ. "ಯಾರ ಅಪ್ಪಣಿ ಬೇಕಕ್ಕಾ? ಸೀದಾ ಶಹಾಬಾದಿಗೆ ಹೋಗಿಬಿಡು. ನಿನ್ನ ಗಂಡ ಬ್ಯಾಡಂತಾನೇನು?"

"ಹೋಗಿದ್ದೆ."

ಬಾಗಿಲ ತನಕ ಹೋಗಿದ್ದಳಂತೆ. ಅತ್ತೆ ಮನೆಯಲ್ಲಿರಲಿಲ್ಲ. ವೈನಿಯೇ ಬಾಗಿಲು ತೆರೆದಳಂತೆ. ಒಬ್ಬರನ್ನೊಬ್ಬರು ನೋಡುತ್ತ ನಿಂತರಂತೆ. ವೈನಿ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನೀರು ತಂದುಕೊಟ್ಟು, "ನೀ ಒಳಗ ಬಂದ್ಯಂದ್ರ ನನ್ನ ನಾಳೆನೇ ಕಳಸ್ತಾರ" ಎಂದಳಂತೆ.

"ಆಕಿ ತೋಳಿನ ಮ್ಯಾಲ ಇನ್ನಾ ಹೊಡತದ ಕರೆ ಇತ್ತು" ಎಂದಳು ನನ್ನ ಸಹೋದ್ಯೋಗಿ. ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಆಕಿ ಹೋಗಬೇಕಾದ ಮನಿ ಯಾವುದು ಹೇಳು? ನಮ್ಮಣ್ಣಂದು. ನಮ್ಮಣ್ಣನ ಕೈ ನನಗ ಗೊತ್ತಿಲ್ಲೇನು? ಸಣ್ಣಾಕಿದ್ದಾಗ ನಾ ತಿಂದೀನಿ. ನೀರು ಕುಡದೆ, ಹೊಳ್ಳಿ ಬಂದೆ."

"ಮತ್ತ ಈಗ?"

"ಈಗ ಕೆಲಸ ಮಾಡು. ಹೊಸಾ ಗಿರಾಕಿಗಳು ಫೋಟೋ ಕಳಸ್ಯಾರ, ಹಾಕು."

ಇಷ್ಟೇ ಆಡಿದಳೋ, ಇನ್ನೂ ಏನಾದರೂ ಅಂದಳೋ. ಈ ಮಾತುಕತೆಯನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆಂದರೆ ಯಾವುದು ಆಕೆಯದು, ಯಾವುದು ನಾನು ಸೇರಿಸಿದ್ದು ಎಂದು ಬಿಡಿಸಲಾಗುತ್ತಿಲ್ಲ. ನೀರು ಕುಡಿದು ಬಂದದ್ದು ಮಾತ್ರ ಆಕೆಯದೇ. ನಾನೇ ಕಟ್ಟಿದ ಕಥೆಯಾಗಿದ್ದರೆ ನೀರು ಕುಡಿಸುತ್ತಿರಲಿಲ್ಲ.

ಬೇಸಿಗೆಯ ಹೊತ್ತಿಗೆ ಆಕೆ ಕೆಲಸ ಬಿಟ್ಟಳು. ಹೇಳಿ ಹೋಗಲಿಲ್ಲ. ವಾಡಿಯಲ್ಲೇ ಒಂದು ಖೋಲಿ ಬಾಡಿಗೆಗೆ ಹಿಡಿದು ಗಂಡ ಹೆಂಡತಿ ಇದ್ದಾರೆ, ಎರಡೂ ಮನೆಯವರು ಮಾತು ಬಿಟ್ಟಿದ್ದಾರೆ, ವೈನಿ ಶಹಾಬಾದಿನಲ್ಲೇ ಉಳಿದಿದ್ದಾಳೆ ಎಂದು ಮಾಲೀಕರು ಹೇಳಿದರು. ಅದೇ ಮಾಲೀಕರು ಇನ್ನೊಂದು ಸಲ, ಅಣ್ಣ ಹೆಂಡತಿಯನ್ನು ಕರೆತಂದ, ಎಲ್ಲ ಸುಸೂತ್ರವಾಯಿತು ಎಂದರು. ಎರಡರಲ್ಲಿ ಒಂದು ಸುಳ್ಳು. ಮೊದಲನೆಯದು ನಿಜವಾಗಲಿ ಎಂದು ನನಗೆ ಆಸೆ, ಆ ಕಾರಣಕ್ಕೇ ಅದನ್ನು ನಂಬಲು ಅಂಜುತ್ತೇನೆ. ಆಕೆಯ ಫೋನ್ ನಂಬರು ಈಗ ಬೇರೆ ಯಾರದೋ ಆಗಿದೆ.

ನನ್ನ ತಮ್ಮ ಕೈ ಎತ್ತುವವನಲ್ಲ. ಇರುವೆ ಕಂಡರೆ ಕಾಲು ಸರಿಸುವವನು. ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ, ಆದಿತ್ಯನಗರದಲ್ಲಿ ಮನೆ ಸಿಗುತ್ತದೆ, ಐನಾಪುರದ ಹುಡುಗಿಯ ಹೆಸರು ಬಂದರೆ ಕಿವಿ ಕೆಂಪಾಗುತ್ತದೆ. ಹಾಗಾಗಿ ಅವನ ಹೆಂಡತಿಗೆ ಅವನಿಂದ ಏನಾದೀತು ಎಂಬುದು ನನ್ನ ಭಯವಲ್ಲ. ಅವ್ವ ನನ್ನ ರಕ್ಷಣೆ ಎಂದು ಹೇಳುತ್ತಿರುವುದು ಆ ಹುಡುಗಿಯನ್ನು. ಅದು ನನ್ನನ್ನು ಕೂರಗೊಡುತ್ತಿಲ್ಲ.

ಮೊನ್ನೆ ಅವನು ಎರಡನೇ ಪಾಳಿಗೆ ಹೊರಡುವ ಮುಂಚೆ ಉಣ್ಣಲು ಕುಳಿತಿದ್ದ. ಅವ್ವ ಹಿತ್ತಲಲ್ಲಿದ್ದಳು. ನಾನು ರೊಟ್ಟಿ ಬಡಿಸುತ್ತಿದ್ದೆ.

"ಎಲ್ಲಾರೂ ನಿನ್ನ ಉತ್ತರಕ್ಕ ಕಾಯಾಕತ್ತಾರಕ್ಕಾ" ಎಂದು ಮೊದಲು ಮಾತು ತೆಗೆದವನು ಅವನೇ.

"ಹೇಳ್ತೀನಿ. ಅದಕ್ಕ ಮದಲ ನೀ ಒಂದು ಹೇಳು. ಐನಾಪುರದಾಗ ನನಗ ಏನರೆ ಆತು, ನಾ ಒಂದಿನ ಅಳಕೋತ ಈ ಮನಿಗಿ ಬಂದೆ ಅಂತ ತಿಳಕೋ. ಆವತ್ತು ನೀ, ನಿನ್ನ ಹೇಂತಿ, ಇಲ್ಲೇ ನಕ್ಕೋತ ಉಣ್ಣಾಕ ಕುಂತಿರ್ತೀರಿ. ಆಕಿನ್ನ ಏನು ಮಾಡ್ತಿ?"

ಅವನು ರೊಟ್ಟಿಯ ಚೂರನ್ನು ಪಲ್ಯದಲ್ಲಿ ಅದ್ದಿದವನು ಹಾಗೇ ಹಿಡಿದುಕೊಂಡು ಕೂತ. ಅವ್ವ ಒಳಗೆ ಬಂದು, ಇನ್ನೂ ಉಂಡಿಲ್ಲೇನು, ಹೊತ್ತಾಯಿತು ಎಂದಳು. ಅವನು ಎದ್ದು ಕೈ ತೊಳೆದುಕೊಂಡ. ಬೈಕು ಹತ್ತುವಾಗ ಒಮ್ಮೆ ತಿರುಗಿ ನನ್ನ ಕಡೆ ನೋಡಿದ. ಅದಾದ ಮೇಲೆ ಪಾಳಿ ಮುಗಿಸಿ ಬರುತ್ತಾನೆ, ಹೋಗುತ್ತಾನೆ, ಉಣ್ಣಲು ಅವ್ವನೇ ಬಡಿಸಲಿ ಎನ್ನುತ್ತಾನೆ. ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಹೇಳಿಲ್ಲ. ನಾನೂ ಹೂಂ, ಊಹೂಂ ಹೇಳಿಲ್ಲ.